ಕಪ್ಪು ಕಾರಿನ ಎಡಗಡೆ ಮಡ್‌ಗಾರ್ಡ್

ಕಪ್ಪಿನಲ್ಲೂ ಎರಡು ಥರದ ಕಪ್ಪು ಇರುತ್ತದೆ ಎಂದು ನನಗೆ ಗೊತ್ತಾಗಿದ್ದು ನಮ್ಮ ಭಾವನ ಕಾರಿನಿಂದ. ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಭಾವ ಈಗಲೂ ಒಂದೊಂದು ಸಲ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆದರೆ ಕಾರು ನನ್ನದಲ್ಲ, ಆ ಕಾರಿಟ್ಟಿದ್ದ ಅಪ್ಪನೂ ನನ್ನ ಅಪ್ಪನಲ್ಲ. ಹಾಗಾಗಿ ಧೈರ್ಯದ ಮಾತಾಡುವುದು ನನಗೆ ಸುಲಭ.

ಈ ಅಂಕಣ ಓದುವವರಿಗೆ ನನ್ನ ಅಕ್ಕ ಚೆನ್ನಾಗಿ ಗೊತ್ತು. ಲಕ್ಷ್ಮೀಪುರಂನ ಹಳೇ ಮನೆಯ ಯಜಮಾನಿ, ನಾನು ಮಾಡಿದ ಸಾರನ್ನು ಇವತ್ತಿನವರೆಗೆ ಒಮ್ಮೆಯೂ ಹೊಗಳದವಳು. ಅವಳ ಗಂಡ ರಘುನಾಥ ಭಾವ, ರಿಟೈರ್ ಆದ ಇಂಜಿನಿಯರ್. ಭಾವನ ಅಜ್ಜ ಅರಮನೆಯ ಕಚೇರಿಯಲ್ಲಿದ್ದವರು. ತಂದೆ ಸರ್ಜನ್. ಅವರನ್ನು ಎಲ್ಲರೂ 'ದೊಡ್ಡ ಡಾಕ್ಟರು' ಎಂದೇ ಕರೆಯುತ್ತಿದ್ದರು. ಈಗ ಅವರಿಲ್ಲ. ಹಾಲ್‌ನಲ್ಲಿ ಗಂಧದ ಹಾರ ಹಾಕಿದ ಫೋಟೋ ಇದೆ.

ದೊಡ್ಡ ಡಾಕ್ಟರ ಹತ್ತಿರ ಎರಡು ಕಾರಿದ್ದವು. ಒಂದು ಮನೆಮಂದಿಯೆಲ್ಲ ಹತ್ತುವ ದೊಡ್ಡ ಕಾರು. ಅದನ್ನು ಡ್ರೈವರ್ ಸಿದ್ದಯ್ಯ ಓಡಿಸುತ್ತಿದ್ದರು. ಇನ್ನೊಂದು ಇಂಗ್ಲೆಂಡಿನಿಂದ ಬಂದ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಉದ್ದ ಬಾನೆಟ್ಟು, ಮಡಚಿ ಹಿಂದಕ್ಕೆ ತಳ್ಳುವ ಬಟ್ಟೆಯ ಟಾಪು, ಮೈಯೆಲ್ಲ ಕಪ್ಪು. ಅದನ್ನು ಡಾಕ್ಟರು ಬಿಟ್ಟು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೂ ಕಡಿಮೆಯಂತೆ.

(ಎಂಬತ್ತು ದಾಟಿದ ಸಿದ್ದಯ್ಯನವರನ್ನು ನಮ್ಮ ಮನೆಯ ಸಣ್ಣ ಮಕ್ಕಳೂ 'ಅವನು' ಎನ್ನುತ್ತಾರೆ. ಯಾರೂ ತಿದ್ದುವುದಿಲ್ಲ. ನಾನು ಇಲ್ಲಿ 'ಅವರು' ಎಂದೇ ಬರೆಯುತ್ತೇನೆ. ಯಾರಿಗಾದರೂ ಬೇಸರವಾದರೆ ಆಗಲಿ.)

ಸಿದ್ದಯ್ಯನವರ ಹೆಸರು ನಮ್ಮಲ್ಲಿ ಒಂದು ಬೈಗುಳ. ಯಾರಾದರೂ ಬ್ರೇಕನ್ನು ಜೋರಾಗಿ ಒತ್ತಿದರೆ, ರಿವರ್ಸ್ ತೆಗೆಯುವಾಗ ಗೇಟಿಗೆ ತಾಗಿಸಿದರೆ, "ಏನೋ, ಸಿದ್ದಯ್ಯ ಆಗ್ಬಿಟ್ಟೆ" ಅನ್ನುತ್ತಾರೆ. ಕಾರಿಗೆ ಗೀರು ಬಿದ್ದರೆ "ಇದ್ಯಾವ ಸಿದ್ದಯ್ಯನ ಕೆಲಸ" ಎನ್ನುತ್ತಾರೆ. ಮಕ್ಕಳು ಮೂರು ಚಕ್ರದ ಸೈಕಲ್ಲನ್ನು ಗೋಡೆಗೆ ಗುದ್ದಿಸಿದರೂ ಅದೇ ಮಾತು. ಎಲ್ಲರೂ ನಗುತ್ತಾರೆ.

ಯಾಕೆಂದರೆ ಸಿದ್ದಯ್ಯನವರು ಒಬ್ಬ ಮನುಷ್ಯನನ್ನು ಕೊಂದವರು. ಮನೆಯಲ್ಲಿ ಹೇಳುತ್ತಿದ್ದ ಕಥೆ ಹೀಗೆ. ಭಾವ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಓದುತ್ತಿದ್ದ ಕಾಲ. ಒಂದು ಸಂಜೆ ಸಿದ್ದಯ್ಯ ಕುಡಿದು, ಯಾರನ್ನೂ ಕೇಳದೆ ದೊಡ್ಡ ಕಾರು ತೆಗೆದುಕೊಂಡು ಹೋಗಿ, ಬೋಗಾದಿ ರಸ್ತೆಯಲ್ಲಿ ಸೈಕಲ್ ಮೇಲೆ ಬರುತ್ತಿದ್ದ ಹಾಲಿನವನೊಬ್ಬನಿಗೆ ಗುದ್ದಿದರು. ಅವನು ಅಲ್ಲೇ ಹೋದ. ಸಿದ್ದಯ್ಯ ತಾವೇ ಸ್ಟೇಷನ್ನಿಗೆ ಹೋಗಿ ಒಪ್ಪಿಕೊಂಡರು, ಜೈಲು ಸೇರಿದರು, ಲೈಸೆನ್ಸ್ ಕಳೆದುಕೊಂಡರು. ಹೊರಗೆ ಬಂದ ಮೇಲೂ ದೊಡ್ಡ ಡಾಕ್ಟರು ಅವರನ್ನು ಕೈಬಿಡಲಿಲ್ಲ. ಗಿಡಕ್ಕೆ ನೀರು ಹಾಕುವ, ಗೇಟು ಕಾಯುವ ಕೆಲಸ ಕೊಟ್ಟರು. "ಬೇರೆಯವರಾಗಿದ್ರೆ ಹೊಸ್ತಿಲು ತುಳಿಸ್ತಿರ್ಲಿಲ್ಲ. ನಮ್ಮೆಜಮಾನ್ರು ದೇವರಂಥೋರು" ಎಂದು ಅಕ್ಕನ ಅತ್ತೆ ಕೊನೆಯವರೆಗೂ ಹೇಳುತ್ತಿದ್ದರು.

ಒಂದು ಕಟ್ಟಪ್ಪಣೆ ಮಾತ್ರ ಇತ್ತು. ಸಿದ್ದಯ್ಯನ ಕೈಗೆ ಸ್ಟಿಯರಿಂಗ್ ಕೊಡಬಾರದು. ಆಯುಧಪೂಜೆಯ ದಿನವೂ ಕೊಡಬಾರದು.

ಪ್ರತಿ ಆಯುಧಪೂಜೆಗೆ ಸಿದ್ದಯ್ಯನವರು ಬೆಳಗ್ಗೆಯೇ ಬರುತ್ತಾರೆ. ಮನೆಯ ಕಾರುಗಳನ್ನು ತೊಳೆಯುತ್ತಾರೆ, ಬಾಳೆಕಂದು ಕಟ್ಟುತ್ತಾರೆ, ಬೂದುಗುಂಬಳ ಒಡೆಯುತ್ತಾರೆ, ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಕಾರು ಹತ್ತಿ ನಿಂಬೆಹಣ್ಣು ಮೆಟ್ಟಿಸುವವರು ಬೇರೆಯವರು. ಮೊನ್ನೆ ಮೊನ್ನೆ ಲೈಸೆನ್ಸ್ ಸಿಕ್ಕ ಮನೆಯ ಮೊಮ್ಮಗಳಾದರೂ ಸರಿ, ಸಿದ್ದಯ್ಯ ಆಗಬಾರದು. ಆಮೇಲೆ ಅವರಿಗೆ ಪಂಚೆ, ಟವೆಲ್, ಒಂದು ಡಬ್ಬ ಸಿಹಿ. ಕೊಲೆ ಮಾಡಿದವನಿಗೂ ಹಬ್ಬದ ದಿನ ಪಂಚೆ ಕೊಡುವ ಮನೆ ನಮ್ಮದು ಅಂತ ಎಲ್ಲರಿಗೂ ಒಳಗೊಳಗೇ ಹೆಮ್ಮೆ.

ಆಕ್ಸಿಡೆಂಟ್ ಆದ ವರ್ಷವೇ ದೊಡ್ಡ ಡಾಕ್ಟರು ಕಪ್ಪು ಕಾರನ್ನು ಶೆಡ್ಡಿಗೆ ತಳ್ಳಿಸಿ ಟಾರ್ಪಾಲು ಹೊದಿಸಿಬಿಟ್ಟರು. ವಯಸ್ಸಾಯ್ತು, ಇನ್ನು ಇವೆಲ್ಲ ಯಾಕೆ ಅಂದರಂತೆ. ಯಾರೂ ಮತ್ತೆ ಕೇಳಲಿಲ್ಲ. ದೊಡ್ಡ ಡಾಕ್ಟರನ್ನು ಪ್ರಶ್ನೆ ಕೇಳುವ ರೂಢಿ ಆ ಮನೆಯಲ್ಲಿ ಇರಲಿಲ್ಲ.

ಈ ವರ್ಷ ಭಾವನಿಗೆ ಹುಕಿ ಬಂತು. ದಸರಾ ಸಮಯದಲ್ಲಿ ಹಳೇ ಕಾರುಗಳ ಮೆರವಣಿಗೆ ಇದೆ, ಅಪ್ಪನ ಕಾರನ್ನು ತೆಗೆದುಕೊಂಡು ಹೋಗಬೇಕು ಅಂತ. ಇಂಜಿನ್ ಕೆಲಸವನ್ನು ಹೋದ ವರ್ಷವೇ ಗ್ಯಾರೇಜಿನಲ್ಲಿ ಮಾಡಿಸಿದ್ದರು. ಬಣ್ಣವನ್ನು ಮಾತ್ರ ಬೇರೆಯವರ ಕೈಗೆ ಕೊಡಲು ಮನಸ್ಸಿರಲಿಲ್ಲ. "ಈ ಕಾರಿಗೆ ಇವತ್ತಿನವರೆಗೆ ಒಂದು ಗೀರು ಬಿದ್ದಿಲ್ಲ ಕಣಮ್ಮ. ಇದು ಫ್ಯಾಕ್ಟರೀಲಿ ಹೊಡೆದ ಬಣ್ಣ. ಗ್ಯಾರೇಜಿನೋರು ಸ್ಪ್ರೇ ಹೊಡೆದು ಹಾಳು ಮಾಡಿಬಿಡ್ತಾರೆ. ನಾನೇ ಉಜ್ಜಿ ತರ್ತೀನಿ" ಅಂದರು.

ಹೀಗೆ ನಾನು ಗೋಕುಲಂನ ನನ್ನ ಮನೆಯಿಂದ ಸ್ಕೂಟರಿನಲ್ಲಿ ಹೋಗಿ ಪೈಪು ಹಿಡಿಯುವ ಕೆಲಸಕ್ಕೆ ನೇಮಕವಾದೆ. ಅಕ್ಕ ಶೆಡ್ಡಿನ ಕಡೆ ಬರುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದಳು. (ಅವಳಿಗೆ ಬುದ್ಧಿ ಇದೆ.)

ಹರಿದು ಚಿಂದಿಯಾಗಿದ್ದ ಟಾರ್ಪಾಲು ತೆಗೆದಾಗ ಕಪ್ಪು ಅನ್ನುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಮೈಯೆಲ್ಲ ಬೂದಿ ಬಣ್ಣ. ಬಾನೆಟ್ಟಿನ ಮೇಲೆ ಪಾರಿವಾಳದ ಹಿಕ್ಕೆ ತಿಂದ ಕಲೆ, ಬೆಕ್ಕು ನಡೆದಾಡಿದ ಹೆಜ್ಜೆ, ಯಾವಾಗಲೋ ಹಚ್ಚಿದ ಕುಂಕುಮ ಇಳಿದು ಉಳಿದ ಗುರುತು. ಕೈಯಿಟ್ಟರೆ ಮರಳು ಕಾಗದದ ಹಾಗೆ ತರಿತರಿ. ನನಗಾಗಿದ್ದರೆ ಗುಜರಿಯವನನ್ನು ಕರೆಯುತ್ತಿದ್ದೆ. ಭಾವ ಪ್ಯಾಂಟು ಮಡಚಿಕೊಂಡು ಬಕೆಟ್ಟಿನ ಮುಂದೆ ಕೂತರು.

ಉಜ್ಜುವುದರಲ್ಲಿ ಇಷ್ಟು ಶಾಸ್ತ್ರ ಇದೆ ಅಂತ ನನಗೆ ಗೊತ್ತಿರಲಿಲ್ಲ. ಮೊದಲು ಸೋಪಿನ ನೀರು. ಆಮೇಲೆ ಅಂಚುಗಳಿಗೆಲ್ಲ ಟೇಪು, ಯಾಕೆಂದರೆ ಅಂಚಿನಲ್ಲಿ ಬಣ್ಣ ತೆಳ್ಳಗಿರುತ್ತದೆ, ಬೇಗ ಹೋಗಿಬಿಡುತ್ತದೆ. ಆಮೇಲೆ ನೀರಿನಲ್ಲಿ ನೆನೆಸಿದ ವಾಟರ್ ಪೇಪರಿನಿಂದ, ಅಂದರೆ ನಯವಾದ ಮರಳು ಕಾಗದದಿಂದ, ಮೆಲ್ಲಗೆ, ಕೂಸಿನ ಬೆನ್ನು ಸವರಿದಷ್ಟು ಮೆಲ್ಲಗೆ ತಿಕ್ಕಬೇಕು. ಆಮೇಲೆ ಕಾಂಪೌಂಡು ಎಂಬ ಉಜ್ಜುವ ಪೇಸ್ಟು, ಪಾಲಿಷು, ಕೊನೆಗೆ ವ್ಯಾಕ್ಸು. ಬಟ್ಟೆಯೆಲ್ಲ ಕಪ್ಪಾಯಿತು. "ಕೊಳೆ ಎಷ್ಟು ಬರ್ತಿದೆ ನೋಡಿ" ಅಂದೆ. "ಕೊಳೆ ಅಲ್ಲ ಅದು, ಬಣ್ಣಾನೇ. ಈ ಕಾಲದ ಕಾರಿನ ಥರ ಮೇಲೊಂದು ಪದರ ಇರಲ್ಲ ಇದಕ್ಕೆ. ಹೊಳಪು ಬೇಕು ಅಂದ್ರೆ ಬಣ್ಣಾನೇ ಸ್ವಲ್ಪ ಕಳ್ಕೋಬೇಕು" ಅಂದರು ಭಾವ.

ಬಾಗಿಲಿನ ಮೇಲೆ ಮೊದಲ ಸಲ ಒಂದು ಅಂಗೈಯಷ್ಟು ಜಾಗ ಹೊಳೆದಾಗ ನನಗೇ ಮೈ ಜುಮ್ಮೆಂದಿತು. ಆಳವಾದ ಕಪ್ಪು. ಅದರೊಳಗೆ ನನ್ನ ಮುಖ, ಹಿಂದೆ ಮಾವಿನ ಮರ, ಮರದ ಹಿಂದೆ ಆಕಾಶ. ಭಾವ ಮೊಣಕೈಯಿಂದ ಕಣ್ಣು ಒರೆಸಿಕೊಂಡರು. ಅಪ್ಪನನ್ನು ಅಷ್ಟು ಹಚ್ಚಿಕೊಂಡ ಮಗ ಅವರು.

ದಿನಗಟ್ಟಲೆ ಕೆಲಸ ನಡೆಯಿತು. ಮೈ ಪೂರ್ತಿ ಮುಗಿದ ಮೇಲೆ ಒಂದು ಬೆಳಗ್ಗೆ ಕಾರನ್ನು ಶೆಡ್ಡಿನಿಂದ ಅಂಗಳಕ್ಕೆ ತಳ್ಳಿದೆವು, ಬಿಸಿಲಿನಲ್ಲಿ ನೋಡೋಣ ಅಂತ.

ಎಡಗಡೆ ಮುಂದಿನ ಮಡ್‌ಗಾರ್ಡ್ ಬೇರೆ ಕಪ್ಪಾಗಿತ್ತು.

ಶೆಡ್ಡಿನ ಮಬ್ಬಿನಲ್ಲಿ ಕಂಡಿರಲಿಲ್ಲ. ಬೂದಿ ಬಣ್ಣವಾಗಿದ್ದಾಗಲಂತೂ ಎಲ್ಲವೂ ಒಂದೇ. ಹೊಳಪು ಬಂದ ಮೇಲೆ, ಬಿಸಿಲು ಬಿದ್ದ ಮೇಲೆ, ಕಣ್ಣಿಗೆ ಹೊಡೆಯುವ ಹಾಗೆ ಕಂಡಿತು. ಉಳಿದ ಮೈಯದು ನೀಲಿ ಕಡೆಗೆ ವಾಲುವ ಕಪ್ಪು. ಇದು ಕಂದು ಕಡೆಗೆ ವಾಲುವ ಕಪ್ಪು. ಮೇಲೆಲ್ಲ ಸಣ್ಣ ಸಣ್ಣ ಚುಕ್ಕಿ, ಕೆಳ ಅಂಚಿನಲ್ಲಿ ಬಣ್ಣ ಹನಿಹನಿಯಾಗಿ ಇಳಿದು ಒಣಗಿದ ಗುರುತು. ಫ್ಯಾಕ್ಟರಿಯಲ್ಲಿ ಹೀಗೆ ಮಾಡುತ್ತಾರೆಯೇ?

"ಫ್ಯಾಕ್ಟರೀಲೇ ಬೇರೆ ಲಾಟಿಂದ ಬಂದ ಭಾಗ ಇರ್ಬೇಕು" ಎಂದು ಭಾವ ಏನೋ ಗೊಣಗಿದರು. ಆಮೇಲೆ ನನಗೆ ಹೇಳಿದರು. "ಒಳಗೆ ಹೋಗಿ ಫ್ರಿಜ್ ಮೇಲಿರೋ ಮ್ಯಾಗ್ನೆಟ್ ತಗೊಂಡ್ಬಾ."

ಅಕ್ಕನ ಫ್ರಿಜ್ಜಿನ ಮೇಲೆ ಗ್ಯಾಸಿನವನ ಫೋನ್ ನಂಬರನ್ನು ಹಿಡಿದುಕೊಂಡಿರುವುದು ಒಂದು ಪುಟ್ಟ ಆನೆ, ದಸರಾ ಎಕ್ಸಿಬಿಷನ್ನಿನಲ್ಲಿ ಕೊಂಡಿದ್ದು. ತಂದುಕೊಟ್ಟೆ. ಭಾವ ಬಾಗಿಲಿಗೆ ಇಟ್ಟರು, ಅಂಟಿಕೊಂಡಿತು. ಬಾನೆಟ್ಟಿಗೆ ಇಟ್ಟರು, ಅಂಟಿಕೊಂಡಿತು. ಬಲಗಡೆ ಮಡ್‌ಗಾರ್ಡಿಗೂ ಅಂಟಿಕೊಂಡಿತು. ಎಡಗಡೆಗೆ ಇಟ್ಟು ಕೈಬಿಟ್ಟರು. ಆನೆ ಕೆಳಗೆ ಬಿದ್ದು ಸೊಂಡಿಲು ಮುರಿಯಿತು.

ಬಣ್ಣದ ಕೆಳಗೆ ಇದ್ದದ್ದು ಬರೀ ತಗಡಲ್ಲ. ತಗ್ಗು ಮುಚ್ಚಲು ಮೆತ್ತುವ ಪುಟ್ಟಿ, ದಪ್ಪ ಪುಟ್ಟಿ. ಭಾವ ನೆಲಕ್ಕೆ ಮಲಗಿ ಟಾರ್ಚು ಹಾಕಿ ಮಡ್‌ಗಾರ್ಡಿನ ಒಳಮೈ ನೋಡಿದರು. ಎದ್ದು ಬರಲು ಬಹಳ ಹೊತ್ತು ಹಿಡಿಯಿತು. ನೀನೂ ನೋಡು ಎಂದರು. ಒಳಗಿನಿಂದ ಸುತ್ತಿಗೆಯಲ್ಲಿ ಬಡಿದು ತಗಡನ್ನು ಹೊರಕ್ಕೆ ತಂದ ಗುರುತುಗಳು ತುಂಬಿಹೋಗಿದ್ದವು. ಆ ಜಾಗ ಯಾವುದಕ್ಕೋ ಜೋರಾಗಿ ಗುದ್ದಿ ಒಳಗೆ ಹೋಗಿತ್ತು. ಒಂದು ಗೀರೂ ಬೀಳದ ಕಾರು ಅದು.

ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಕೈಯಲ್ಲಿ ಸೌಟು ಹಾಗೇ ಇತ್ತು. ಮೆಲ್ಲಗೆ ಕೇಳಿದಳು. "ಮಾವ ಈ ಕಾರನ್ನ ಮುಚ್ಚಿಟ್ಟಿದ್ದು ಸಿದ್ದಯ್ಯ ಜೈಲಿಗೆ ಹೋದ ವರ್ಷಾನೇ ಅಲ್ವಾ?"

ಭಾವ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟರು.

ಪೇಪರ್ ಓದುವವರಿಗೆ ಈ ಕಥೆ ಹೊಸದೇನಲ್ಲ. ಕಾರು ದೊಡ್ಡವರದಾದರೆ, ರಸ್ತೆಯಲ್ಲಿ ಯಾರಾದರೂ ಸತ್ತರೆ, ಓಡಿಸುತ್ತಿದ್ದವನು ಡ್ರೈವರೇ ಆಗಿರುತ್ತಾನೆ. ಮಾಲೀಕರು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿರುತ್ತಾರೆ, ಇಲ್ಲವೇ ಮನೆಯಲ್ಲಿ ಊಟ ಮಾಡುತ್ತಿರುತ್ತಾರೆ. ಎರಡೇ ಸೀಟಿನ ಕಾರಿನಲ್ಲಿ ಆ ಅನುಕೂಲ ಇಲ್ಲ. ಡ್ರೈವರ್ ಇಟ್ಟುಕೊಂಡು ಸ್ಪೋರ್ಟ್ಸ್ ಕಾರು ಓಡಿಸುವವರು ಯಾರಿದ್ದಾರೆ? ಪೊಲೀಸರೂ ನಂಬುವುದಿಲ್ಲ. ಅದಕ್ಕೇ ಡ್ರೈವರ್ ಓಡಿಸುವ ದೊಡ್ಡ ಕಾರೇ ಗುದ್ದಿತೆಂದು ಹೇಳಬೇಕಾಗಿತ್ತು.

ಆದರೆ ಇದೆಲ್ಲ ನಮ್ಮ ಊಹೆ. ಕೇಳಬೇಕಾದ ಮನುಷ್ಯ ಇನ್ನೂ ಇದ್ದಾರೆ. ಭಾವ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಆಮೇಲೆ ನನಗೆ ಫೋನು ಮಾಡಿ, "ಉದಯಗಿರಿಗೆ ಹೋಗ್ಬರೋಣ, ನೀನೂ ಬಾ. ಒಬ್ಬನೇ ಹೋದ್ರೆ ಅರ್ಧ ದಾರೀಲಿ ವಾಪಸ್ ಬಂದ್ಬಿಡ್ತೀನಿ" ಅಂದರು.

ಸಿದ್ದಯ್ಯನವರು ಇರುವುದು ಮಗಳು ಮಾದೇವಿಯ ಜೊತೆ. ಉದಯಗಿರಿಯ ಒಂದು ಓಣಿಯಲ್ಲಿ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಸುತ್ತ ಫಾಲ್ಸ್ ಹಾಕಲು ಬಂದ ಸೀರೆಗಳು. ಮಾದೇವಿಗೆ ಐವತ್ತರ ಆಸುಪಾಸು. ಮದುವೆಯಾಗಿಲ್ಲ. ಯಾಕಾಗಿಲ್ಲ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದವರಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಕುಡಿದು ಕಾರು ಓಡಿಸಿ ಜೈಲಿಗೆ ಹೋಗಿ ಬಂದವನ ಮಗಳು.

ಭಾವನನ್ನು ಕಂಡು ಸಿದ್ದಯ್ಯನವರು ಏಳಲು ಹೋದರು. ಕಣ್ಣು ಮಂಜಾಗಿದೆ, ಗೋಡೆ ಹಿಡಿದುಕೊಂಡೇ ಏಳಬೇಕು. "ನೀವ್ಯಾಕ್ ಬರಕೋದ್ರಿ ಬುದ್ದಿ? ಯೋಳ್ಕಳ್ಸಿದ್ರೆ ನಾನೇ ಬತ್ತಿರ್ನಿಲ್ವಾ?" ಅಂದರು. ಭಾವ ಅವರನ್ನು ಕೂರಿಸಿ, ತಾವೂ ಚಾಪೆಯ ಮೇಲೆ ಎದುರಿಗೆ ಕೂತರು.

"ಸಿದ್ದಯ್ಯ, ಅವತ್ತು ಬೋಗಾದಿ ರಸ್ತೇಲಿ ಕಾರು ಓಡಿಸ್ತಿದ್ದದ್ದು ಯಾರು?"

"ನಾನೇ ಕಣ್ ಬುದ್ದಿ." ಯೋಚನೆ ಮಾಡಲಿಲ್ಲ, ತಡವರಿಸಲಿಲ್ಲ. ಹೆಸರು ಕೇಳಿದರೆ ಹೇಳುವಷ್ಟು ಸಲೀಸಾಗಿ ಹೇಳಿದರು. "ಕೋಲ್ಟಲ್ಲೇ ಒಪ್ಕೊಂಡಿವ್ನಲ್ಲ."

"ದೊಡ್ಡ ಕಾರಾ?"

"ದೊಡ್ಡ ಕಾರೇ."

"ಕಪ್ಪು ಕಾರಿಗೆ ಏಟು ಬಿದ್ದಿದೆ ಸಿದ್ದಯ್ಯ. ಎಡಗಡೆ ಮಡ್‌ಗಾರ್ಡಿಗೆ."

ಮಾದೇವಿ ಒಳಗೆ ಕಾಫಿ ಬೆರೆಸುವ ಸದ್ದು ಕೇಳುತ್ತಿತ್ತು. ಸಿದ್ದಯ್ಯನವರು ತೀರಾ ಮೆಲ್ಲಗೆ, ಬೇಸರದಿಂದ ಅನ್ನುವ ಹಾಗೆ ಕೇಳಿದರು.

"ಬಣ್ಣ ತಗ್ದ್ಬುಟ್ರಾ?"

ಭಾವ ತಲೆ ತಗ್ಗಿಸಿದರು. ಇನ್ನು ಕೇಳುವುದಕ್ಕೆ ಏನೂ ಇರಲಿಲ್ಲ.

"ಯಾಕ್ ತಗ್ಯಕೋದ್ರಿ ಬುದ್ದಿ? ಶೆಡ್ ಬಾಗ್ಲಾಕ್ಕೊಂಡು ನಾನೇ ಬಡ್ದು ಸರಿ ಮಾಡಿ, ಸೊಳ್ಳೆ ಔಸ್ದಿ ಒಡಿಯೋ ಪಂಪಲ್ಲಿ ಬಣ್ಣ ಒಡ್ದಿದ್ದೆ. ಅಲ್ಲೊಂದಿಷ್ಟು ಇಳ್ದೋಗಿತ್ತು. ಇನ್ನೊಂದ್ಸಲ ಒಡಿಯಕ್ಕೆ ಟೇಮಿರ್ನಿಲ್ಲ, ಟೇಸನ್ನಿಗೆ ಓಗ್ಬೇಕಿತ್ತಲ್ಲ. ಅದೇ ಗುದ್ದಿದಂಗೆ ಕಾಣ್ಲಿ ಅಂತ ದೊಡ್ಡ ಕಾರಿನ ಲೈಟ್ನೂ ನಾನೇ ಕಲ್ ತಕ್ಕೊಂಡ್ ಒಡ್ದೆ."

"ಅಪ್ಪ ನಿನಗೆ ಏನಂದ್ರು?"

"ಅವರೇನೂ ಬಲವಂತ ಮಾಡ್ನಿಲ್ಲ. ಸಿದ್ದಯ್ಯ, ನಿನ್ ಕೈ ಇಲ್ದಿದ್ರೆ ನಮ್ಮನೆ ಕಾರು ನಿಲ್ತದೆ. ನನ್ ಕೈ ಇಲ್ದಿದ್ರೆ ಆಪ್ರೇಸನ್ ನಿಲ್ತದೆ, ಜನ ಸಾಯ್ತರೆ, ನೀನೇ ಯೋಚ್ನೆ ಮಾಡು ಅಂದ್ರು." ಸಿದ್ದಯ್ಯನವರು ಭಾವನ ಕಡೆ ಮುಖ ಎತ್ತಿದರು. "ಅದು ದಿಟಾನೇ ಅಲ್ವಾ ಬುದ್ದಿ?"

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು. ಗೋಡೆಯ ಮೇಲಿನ ಫೋಟೋಗೆ ಬೈಯಲು ಆಗುತ್ತದೆಯೇ? ಇಷ್ಟು ವರ್ಷದ ಮೇಲೂ 'ದಿಟಾನೇ ಅಲ್ವಾ' ಎಂದು ಕೇಳುವ ಈ ಮುದುಕನಿಗೆ ಬೈಯಲು ಆಗುತ್ತದೆಯೇ?

ಕಾಫಿ ಲೋಟಗಳ ತಟ್ಟೆ ಹಿಡಿದುಕೊಂಡು ಮಾದೇವಿ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ತಟ್ಟೆಯನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟರು. ಭಾವನ ಕಡೆ ನೋಡಲೇ ಇಲ್ಲ.

"ನಮ್ಮವ್ವ ಸಾಯೋವರ್ಗೂ ನಿನ್ನ ಮಾತಾಡಿಸ್ಲಿಲ್ಲ ಕಣಪ್ಪ. ಒಂದೇ ಮನೇಲಿದ್ರೂ ತಟ್ಟೆ ತಳ್ಬುಟ್ಟು ಓಗೋಳು. ಅವ್ಳ್ಗಾದ್ರೂ ಯೋಳ್ಬೋದಿತ್ತಲ್ಲ ನೀನು."

"ಯೋಳಿದ್ರೆ ಬೀದೀಲಿ ನಿಂತ್ಕೊಂಡು ಕೂಗ್ಬುಡೋಳು."

"ಕೂಗ್ಲಿ ಅಂತಾನೇ ಯೋಳ್ಬೇಕಿತ್ತು."

ಮಾದೇವಿ ಆಗ ನಮ್ಮ ಕಡೆ ತಿರುಗಿದರು. "ನಿಮ್ಮನೇಲಿ ಕೊಡ್ತಿದ್ರಲ್ಲ ಸಿಹಿ ಡಬ್ಬ, ಒಂದ್ವರ್ಸಾನೂ ನಾವು ತಿಂದಿಲ್ಲ. ಕೆಂಪಣ್ಣನ ಮನೆ ಬಾಗ್ಲಿಗೆ ಮಡಗಿ ಬರೋರು ಇವ್ರು. ಅವರು ಒಳೀಕೆ ತಕ್ಕೋತಿರ್ಲಿಲ್ಲ. ಆ ಮನೆ ಹೆಂಗಸು ಮಣ್ಣು ತೂರಿ ಶಾಪ ಹಾಕೋಳು. ಹಾಕಿಸ್ಕೊಂಡು ಬರೋರು."

ಕೆಂಪಣ್ಣ. ಸತ್ತ ಹಾಲಿನವರ ಹೆಸರು. ಎಷ್ಟೋ ವರ್ಷ ಈ ಕಥೆಯನ್ನು ಹೇಳಿದ, ಕೇಳಿದ, ಇದರ ಮೇಲೊಂದು ಬೈಗುಳವನ್ನೂ ಕಟ್ಟಿಕೊಂಡ ನಮ್ಮ ಮನೆಯಲ್ಲಿ ಆ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ.

ಭಾವ ಏನೇನೋ ಹೇಳಲು ಹೋದರು. ತಪ್ಪಾಯ್ತು ಅಂದರು. ಏನು ಬೇಕಾದರೂ ಮಾಡುತ್ತೇನೆ ಅಂದರು. ಮಾದೇವಿ ಕೈ ಅಡ್ಡ ಹಿಡಿದರು.

"ಕೊಡೋದು ಗಿಡೋದು ಏನೂ ಬ್ಯಾಡ. ಈ ಸಲ ಆಯುಧಪೂಜೆಗೆ ನಮ್ಮಪ್ಪ ಆ ಕಪ್ಪು ಕಾರಲ್ಲಿ ಕೂತ್ಕೊಂಡು ನಿಂಬೆಹಣ್ಣು ಮೆಟ್ಟಿಸ್ಲಿ. ನಿಮ್ಮ ಕಡೆಯೋರೆಲ್ಲ ಇರ್ಬೇಕು. ಯಾಕೆ ಅಂತ ನೀವೇ ಎಲ್ಲರ್ಗೂ ಯೋಳ್ಬೇಕು."

"ಬ್ಯಾಡ ಕಣವ್ವ" ಅಂದರು ಸಿದ್ದಯ್ಯನವರು. "ದೊಡ್ಡ ಡಾಕ್ಟ್ರ ಹೆಸ್ರು..."

"ನಿನ್ ಹೆಸ್ರು ಏನಾಯ್ತಪ್ಪ?"

ಆ ಕಾಫಿಯನ್ನು ನಾವು ಕುಡಿದೆವು. ಕುಡಿಯದೆ ಎದ್ದು ಬರುವ ಮುಖ ಇರಲಿಲ್ಲ.

ಭಾವ ಮೆರವಣಿಗೆಯಿಂದ ಹೆಸರು ವಾಪಸ್ ತೆಗೆದುಕೊಂಡರು. ಯಾಕೆ ಎಂದು ಕೇಳಿದ್ದಕ್ಕೆ, ಬಣ್ಣದ ಕೆಲಸ ಮುಗಿದಿಲ್ಲ ಅಂದರಂತೆ. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಬರೆದರು. ದಿನಾ ಬೆಳಗ್ಗೆ ಗುಡ್ ಮಾರ್ನಿಂಗ್ ಹೂವುಗಳಿಂದ ಗಿಜಿಗುಡುವ ಗ್ರೂಪು ಅವತ್ತು ಮಧ್ಯಾಹ್ನದವರೆಗೆ ಸತ್ತ ಹಾಗಿತ್ತು. ಆಮೇಲೆ ಒಂದೊಂದೇ ಬಂತು. ಹಳೇದೆಲ್ಲ ಈಗ್ಯಾಕೆ. ದೊಡ್ಡಪ್ಪ ಎಷ್ಟು ಜನರ ಪ್ರಾಣ ಉಳಿಸಿದ್ದಾರೆ ಅದೂ ನೋಡಬೇಕು. ಪುಟ್ಟಿ ಇದ್ದ ಮಾತ್ರಕ್ಕೆ ಪ್ರೂಫ್ ಆಯ್ತಾ. ಭಾವನ ಚಿಕ್ಕಪ್ಪನ ಮಗ ಸುಧೀಂದ್ರ ಎಲ್ಲರಿಗಿಂತ ಪ್ರಾಕ್ಟಿಕಲ್. ಅದೊಂದು ಭಾಗಕ್ಕೆ ಕಲರ್ ಮ್ಯಾಚ್ ಮಾಡಿ ಸ್ಪ್ರೇ ಹೊಡೆಯುವವರು ಗೊತ್ತು, ನಂಬರ್ ಕಳಿಸಲೇ ಎಂದು ಕೇಳಿದ.

ನಂಬರ್ ಕಳಿಸಿಯೂ ಬಿಟ್ಟ. ಭಾವ ಆ ಮಡ್‌ಗಾರ್ಡನ್ನು ಹಾಗೇ ಬಿಟ್ಟರು.

"ನನಗೆ ಅಪ್ಪನ ಮೇಲೆ ಸಿಟ್ಟು ಬರ್ತಿಲ್ಲ ಕಣಮ್ಮ" ಎಂದು ಒಂದು ಸಂಜೆ ನನ್ನ ಹತ್ತಿರ ಹೇಳಿಕೊಂಡರು. "ಬರ್ಬೇಕಲ್ವಾ? ಅವರ ಫೋಟೋಗೆ ದೀಪ ಹಚ್ಚೋದನ್ನೂ ಬಿಡಕ್ಕಾಗ್ತಿಲ್ಲ. ನಾನೆಂಥೋನು ಅಂತ ಭಯ ಆಗ್ತಿದೆ."

ಆಯುಧಪೂಜೆಯ ದಿನ ಬಂದವರು ಅರ್ಧಕ್ಕರ್ಧ. ಉಳಿದವರಿಗೆ ಇದ್ದಕ್ಕಿದ್ದ ಹಾಗೆ ಜ್ವರ, ಬೆನ್ನುನೋವು, ಬೆಂಗಳೂರಿನಲ್ಲಿ ಕೆಲಸ. ಸುಧೀಂದ್ರ ಹೊಸ ಕಾರಿನಲ್ಲಿ ಬಂದ, ಪೂಜೆ ಮಾಡಿಸಬೇಕಿತ್ತಲ್ಲ. ಜೊತೆಗೆ ಅವನ ತಾಯಿ, ಭಾವನ ಚಿಕ್ಕಮ್ಮ. ಅಂಗಳದ ಮಧ್ಯೆ ಕಪ್ಪು ಕಾರು. ಬಾನೆಟ್ಟಿಗೆ ಸೇವಂತಿಗೆ ಹಾರ. ಅಕ್ಕ ಎಡಗಡೆ ಮಡ್‌ಗಾರ್ಡನ್ನು ಹೂವು ಮುಚ್ಚದ ಹಾಗೆ ಹಾರವನ್ನು ಸರಿಸಿ ಕಟ್ಟಿದ್ದಳು. ನಾನು ನೋಡಿದೆ.

ಮಂಗಳಾರತಿ ಮುಗಿಯುವವರೆಗೆ ಭಾವ ಕಾದರು. ಆಮೇಲೆ ತಟ್ಟೆಯನ್ನು ನೆಲಕ್ಕಿಟ್ಟರು.

"ಎಲ್ಲರೂ ಒಂದ್ನಿಮಿಷ ಕೇಳಿ. ಅವತ್ತು ಹಾಲಿನ ಕೆಂಪಣ್ಣಂಗೆ ಗುದ್ದಿದ್ದು ಈ ಕಾರು. ಓಡಿಸ್ತಿದ್ದದ್ದು ನಮ್ಮಪ್ಪ. ಸಿದ್ದಯ್ಯ ಅಲ್ಲ. ಸಿದ್ದಯ್ಯ ಕುಡಿದೂ ಇರ್ಲಿಲ್ಲ."

ಸುಧೀಂದ್ರ ಮೊಬೈಲು ನೋಡಿಕೊಂಡ. ಚಿಕ್ಕಮ್ಮ, "ಕಡಲೆಪುರಿ ಹಂಚ್ರೋ, ಹೊತ್ತಾಯ್ತು" ಅಂದರು.

ಸಿದ್ದಯ್ಯನವರು ಚಪ್ಪಲಿ ಬಿಟ್ಟು ಕಾರು ಹತ್ತಿದರು. ಮಾದೇವಿ ತೋಳು ಹಿಡಿದು ಕೂರಿಸಿದರು. ಎರಡು ಕೈಯನ್ನೂ ಸ್ಟಿಯರಿಂಗಿನ ಮೇಲೆ ಇಟ್ಟುಕೊಂಡರು. ಆ ಕೈಗಳಿಗೆ ಎಲ್ಲವೂ ನೆನಪಿತ್ತು. ಕಾಲಿಗೆ ಶಕ್ತಿ ಇರಲಿಲ್ಲ. ಕ್ಲಚ್ಚು ಒತ್ತಲು ಹೋದರು, ಒಳಗೆ ಇಳಿಯಲಿಲ್ಲ. ಇನ್ನೊಮ್ಮೆ ಒತ್ತಿದರು. ಬೆವರು ಬಂತು. ಒಬ್ಬ ಮನುಷ್ಯನ ಹೆಸರನ್ನು ವಾಪಸ್ ಕೊಡುವುದಕ್ಕೆ ನಾವು ಎಷ್ಟು ತಡ ಮಾಡಿದ್ದೆವು ಅಂತ ಆಗ ಗೊತ್ತಾಯಿತು.

"ಬುಡಿ ಬುದ್ದಿ, ಬ್ಯಾರೆಯೋರು ಯಾರಾದ್ರೂ..." ಎಂದು ಇಳಿಯಲು ಹೊರಟರು.

"ಕೂತ್ಕೋಪ್ಪ" ಅಂದರು ಮಾದೇವಿ.

ಭಾವ ಗೇರು ನ್ಯೂಟ್ರಲ್ಲಿಗೆ ಹಾಕಿ ಹಿಂದಕ್ಕೆ ಹೋದರು. ಭಾವ, ಮಾದೇವಿ, ಅಕ್ಕ, ನಾನು ತಳ್ಳಿದೆವು. ಕಾರು ಉರುಳಿತು. ನಿಂಬೆಹಣ್ಣು ಟೈರಿನ ಕೆಳಗೆ ಚಪ್ಪಟೆಯಾಗಿ ರಸ ಚಿಮ್ಮಿತು. ಸಿದ್ದಯ್ಯನವರು ಕಣ್ಣು ಮುಚ್ಚಿಕೊಂಡಿದ್ದರು. ಕೆಳಗಿಳಿದ ಮೇಲೆ ಹಾಲ್‌ನ ಬಾಗಿಲ ಕಡೆಗೆ, ಒಳಗಿನ ಫೋಟೋದ ಕಡೆಗೆ, ಕೈ ಮುಗಿದರು. ಮಾದೇವಿ ಮುಖ ತಿರುಗಿಸಿಕೊಂಡರು.

ಇಲ್ಲಿಗೆ ಮುಗಿಸಿದ್ದರೆ ನಿಮಗೂ ಸಮಾಧಾನ, ನನಗೂ ಸಮಾಧಾನ. ಆದರೆ ಇನ್ನೊಂದು ನಡೆಯಿತು.

ಕಡಲೆಪುರಿ ತಿಂದು ಸುಧೀಂದ್ರ ಹೊರಟ. ಹೊಸ ಕಾರನ್ನು ರಿವರ್ಸ್ ತೆಗೆಯುವಾಗ ಗೇಟಿನ ಕಂಬಕ್ಕೆ ಕರ್ರ್ ಎಂದು ಉಜ್ಜಿದ. ಪಕ್ಕದಲ್ಲೇ ಕೂತಿದ್ದ ಚಿಕ್ಕಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, ಎಲ್ಲರಿಗೂ ಕೇಳುವ ಹಾಗೆ ಅಂದರು. "ಆಯ್ತು, ಸಿದ್ದಯ್ಯ ಆಗ್ಬಿಟ್ಟ ನೋಡಿ ನಮ್ಮ ಹುಡುಗ."

ಬೇಕೆಂದು ಹೇಳಿದ್ದಲ್ಲ. ಬಾಯಿಗೆ ಬಂದದ್ದು. ಅರ್ಧ ಗಂಟೆ ಮುಂಚೆ ಅದೇ ಅಂಗಳದಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು ಅವರು. ಜಗಲಿಯ ಮೇಲೆ ಪಂಚೆ ಟವೆಲ್ಲಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಸಿದ್ದಯ್ಯನವರು ಸ್ವಲ್ಪ ನಕ್ಕರು. ಅವರಿಗೂ ರೂಢಿಯಾಗಿಬಿಟ್ಟಿತ್ತು.

ಇನ್ನು ಮೇಲೆ ಕಾರು ಗುದ್ದಿಸಿದವರನ್ನು ನಮ್ಮ ಮನೆಯಲ್ಲಿ ಯಾರ ಹೆಸರು ಹಿಡಿದು ಬೈಯೋಣ?